ನೋಟಿನ ಮೇಲಿನ ಮುಖ, ನೋಟಿನ ಬೆನ್ನಿನ ಕನ್ನಡ

ಕಾವ್ಯವನ್ನು ಓದಿದ ಕಣ್ಣಿನಿಂದ ಹಣದ ನೋಟನ್ನೂ ಓದಬಹುದೆಂದರೆ ಕೆಲವರು ನಕ್ಕಾರು. ಆದರೂ ಓದಬಹುದೆಂಬುದು ನನ್ನ ಅಭಿಪ್ರಾಯ. ಅಲ್ಲಿ ಚಿತ್ರವಿದೆ, ಲಿಪಿಯಿದೆ, ಕಾಗದಕ್ಕೆ ಬೆಲೆ ತಂದುಕೊಡುವ ಒಂದು ವಾಗ್ದಾನವಿದೆ.

1917ರ ನವೆಂಬರ್ 30ರಂದು ಬ್ರಿಟಿಷ್ ಭಾರತದ ಮೊದಲ ಒಂದು ರೂಪಾಯಿಯ ನೋಟು ಹೊರಬಂದಿತು. ಮಹಾಯುದ್ಧದಿಂದಾಗಿ ಬೆಳ್ಳಿ ದುರ್ಲಭವಾಗಿತ್ತು. ಜನರ ಕೈಗೆ ಪರಿಚಿತವಾಗಿದ್ದ ಐದನೆಯ ಜಾರ್ಜನ ಬೆಳ್ಳಿ ನಾಣ್ಯದ ಚಿತ್ರವನ್ನೇ ಕಾಗದದ ಮೇಲೆ ಅಚ್ಚೊತ್ತಿದರು. ಬೆನ್ನಿನ ಮೇಲೆ ಎಂಟು ದೇಶಭಾಷೆಗಳಲ್ಲಿ ಬೆಲೆಯನ್ನು ಬರೆದರು. ಅವುಗಳಲ್ಲಿ ಕನ್ನಡವೂ ಒಂದು.

ಇದನ್ನು ಆಳುವವರ ಭಾಷಾಪ್ರೇಮವೆಂದು ಭಾವಿಸಬೇಕಾಗಿಲ್ಲ. ಓದಲಾಗದ ಕಾಗದವನ್ನು ಸಂತೆಯಲ್ಲಿ ಯಾರು ನಂಬಿಯಾರು? ಆದರೂ ಫಲವನ್ನು ಗಮನಿಸಬೇಕು. ಉತ್ತರ ಕನ್ನಡವು 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆಯ ವ್ಯವಹಾರದಲ್ಲಿ ಕೈ ಬದಲಿಸಿದ ಸರಕಾರಿ ನೋಟಿನಲ್ಲಿ ಕನ್ನಡದ ಒಂದು ಸಾಲಿತ್ತು. ನಿಜಾಮರ ಹೈದರಾಬಾದಿನ ನೋಟುಗಳಲ್ಲಿಯೂ ಕನ್ನಡವಿತ್ತು. ನಾಡು ಒಂದಾದುದು 1956ರಲ್ಲಿ. ನೋಟಿನ ಬೆನ್ನಿನ ಮೇಲೆ ನುಡಿ ಅದಕ್ಕೂ ಮೊದಲೇ ಗಡಿಗಳನ್ನು ದಾಟಿತ್ತು.

1923ರಲ್ಲಿ ಹತ್ತು ರೂಪಾಯಿಯ ನೋಟಿನ ಮೇಲೆ ದೊರೆಯ ಭಾವಚಿತ್ರ ಬಂದಿತು. ಕಂದಾಯವಾಗಿ ಸಲ್ಲಬೇಕಾದುದೂ ಆ ದೊರೆಯ ಹಣವೇ. ಕಾಯಿದೆಭಂಗ ಚಳವಳಿಯ ದಿನಗಳಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರು ಕರ ಕೊಡೆವೆಂದರು. ಅವರ ಜಮೀನುಗಳು ಜಪ್ತಿಯಾದವು. ತಲೆಮಾರುಗಳಿಂದ ಬೆಳೆಸಿದ ಬದುಕು ಕೈಬಿಟ್ಟಿತು. 1934ರಲ್ಲಿ ಗಾಂಧೀಜಿ ಶಿರಸಿ, ಸಿದ್ದಾಪುರಗಳಿಗೆ ಬಂದು ಅಂಥವರನ್ನು ಕಂಡರು.

ಸ್ವಾತಂತ್ರ್ಯಾನಂತರ ದೊರೆಯ ಸ್ಥಾನದಲ್ಲಿ ಗಾಂಧೀಜಿಯ ಚಿತ್ರವನ್ನಿಡುವ ವಿಚಾರ ನಡೆದು, ವಿನ್ಯಾಸಗಳೂ ಸಿದ್ಧವಾಗಿದ್ದವು. ಕೊನೆಗೆ ಆಯ್ಕೆಯಾದುದು ಅಶೋಕನ ಸಿಂಹಸ್ತಂಭ; 1949ರ ಒಂದು ರೂಪಾಯಿಯ ನೋಟು ಅದನ್ನು ಧರಿಸಿ ಬಂದಿತು. ಗಾಂಧೀಜಿ ನೋಟಿಗೆ ಬಂದುದು 1969ರ ಜನ್ಮಶತಾಬ್ದಿಯಲ್ಲಿ, ಸೇವಾಗ್ರಾಮದ ಆಶ್ರಮದ ಹಿನ್ನೆಲೆಯೊಡನೆ ಕುಳಿತ ಭಂಗಿಯಲ್ಲಿ. 1996ರಿಂದ ಅವರ ಹೆಸರಿನ ಮಾಲೆಯೇ ಆರಂಭವಾಯಿತು. 2017ರ ಐವತ್ತು ರೂಪಾಯಿಯ ನೋಟಿನ ಹಿಂಬದಿಗೆ ಹಂಪೆಯ ಕಲ್ಲಿನ ರಥವೂ ಬಂದಿದೆ.

ಇಂದಿನ ನೋಟಿನ ಭಾಷಾಪಟ್ಟಿಯ ಹದಿನೈದು ಸಾಲುಗಳಲ್ಲಿ ಕನ್ನಡದ್ದು ನಾಲ್ಕನೆಯದು. ನಮ್ಮ ಜಿಲ್ಲೆಯ ಇನ್ನೊಂದು ಮನೆಮಾತಾದ ಕೊಂಕಣಿಯೂ ಅದೇ ಪಟ್ಟಿಯಲ್ಲಿದೆ. ಲಿಪಿ ಉಳಿಯಿತು, ಮುಖ ಬದಲಾಯಿತು. ಆ ಬದಲಾವಣೆಗೆ ಸಿದ್ದಾಪುರದ ರೈತರು ತೆತ್ತ ಬೆಲೆ ಯಾವ ನೋಟಿನ ಮೇಲೂ ನಮೂದಾಗಿಲ್ಲ. ಅದನ್ನು ನೆನಪಿನಲ್ಲಿಡಬೇಕಾದವರು ನಾವೇ.