ಎಪ್ಪಿಂಗ್ ಗ್ಯಾರೇಜಿನ 140 ಕ್ಯಾಸೆಟ್ಟುಗಳು

ಮೂರು ನೈಟ್ ಡ್ಯೂಟಿ ಮುಗಿಸಿ, ಮಧ್ಯಾಹ್ನದವರೆಗೆ ನಿದ್ದೆ ಹೊಡೆದು ಈಗ ಬರೆಯೋಕೆ ಕೂತಿದ್ದೀನಿ. ಈ ಸಲ ಆಸ್ಪತ್ರೆ ವಿಷಯ ಇಲ್ಲ. ನಮ್ಮ ಓನರ್ ಆಂಟಿ ಗ್ಯಾರೇಜಿನಲ್ಲಿರೋ ವಿಎಚ್‌ಎಸ್ ಕ್ಯಾಸೆಟ್ಟುಗಳ ಇತಿಹಾಸ. ಸ್ವಲ್ಪ ಉದ್ದ ಆಗತ್ತೆ, ಕಾಫಿ ಇಟ್ಕೊಂಡು ಓದಿ.

ನಾನಿರೋದು ಸಿಡ್ನಿಯ ಎಪ್ಪಿಂಗಿನಲ್ಲಿ, ಆಂಟಿ ಮನೆ ಹಿಂದಿನ ಗ್ರ್ಯಾನಿ ಫ್ಲ್ಯಾಟಿನಲ್ಲಿ. ಆಂಟಿ ಮಲ್ಲೇಶ್ವರದವರು, ಈಗ 78 ವರ್ಷ. ಮನೆ ಮಾರಿ ಅಡಿಲೇಡಿನಲ್ಲಿರೋ ಮಗಳ ಹತ್ತಿರ ಹೋಗ್ತಿದ್ದಾರೆ. (ನಾನು ಬೇರೆ ಮನೆ ಹುಡುಕೋ ಕಥೆ ಇನ್ನೊಂದು ದಿನ.) ಗ್ಯಾರೇಜ್ ಖಾಲಿ ಮಾಡುವಾಗ ಏಳು ಡಬ್ಬ ಕ್ಯಾಸೆಟ್ ಸಿಕ್ತು, ಒಟ್ಟು 140. 1995ರಲ್ಲಿ ಅಂಕಲ್ ತಾವೇ ಕ್ಯಾಮೆರಾ ಹಿಡಿದು ಆಂಟಿಯ ಅಡುಗೆ ಶೂಟ್ ಮಾಡಿದ್ರಂತೆ. ಸಾರಿನ ಪುಡಿ, ಹುಳಿ, ಬಿಸಿಬೇಳೆ ಬಾತ್, ಒಬ್ಬಟ್ಟು. ಊರಿಂದ ಹೊಸದಾಗಿ ಬಂದು ಬರೀ ಬ್ರೆಡ್ ತಿಂತಿದ್ದ ಹುಡುಗರಿಗೆ ಅಂತ. ಕಾಪಿ ಮಾಡೋ ಅಂಗಡಿಯವನು 200ಕ್ಕಿಂತ ಕಮ್ಮಿ ಆಗಲ್ಲ ಅಂದ. 60 ಖರ್ಚಾಯ್ತು, ಮಿಕ್ಕಿದ್ದು ಹಾಗೇ ಕೂತಿದೆ. ಅಂಕಲ್ ತೀರಿಕೊಂಡು ಆರು ವರ್ಷ.

"ಬಿಸಾಕೋಕೆ ನನ್ನ ಕೈಲಿ ಆಗಲ್ಲ ಕಣೆ. ಪುಕ್ಕಟೆ ಕೊಡೋದೂ ಬೇಡ, ಅವರು ದುಡ್ಡು ಹಾಕಿ ಮಾಡಿಸಿದ್ದು. ಯಾರಾದ್ರೂ ಕೊಂಡ್ಕೊಳ್ಳೋರನ್ನ ಹುಡುಕು" ಅಂದ್ರು ಆಂಟಿ.

ಅಡುಗೆ ಕ್ಯಾಸೆಟ್ಟನ್ನ ಜನ ಮೊದಲು ದುಡ್ಡು ಕೊಟ್ಟು ಕೊಂಡಿದ್ದಾದರೂ ಯಾಕೆ ಅಂತ ನನಗೆ ಕುತೂಹಲ ಶುರುವಾಯ್ತು. ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ತಂದಿದ್ದು 1976ರಲ್ಲಿ, ಸೋನಿಯ ಬೀಟಾಮ್ಯಾಕ್ಸ್ ಬಂದ ಮರುವರ್ಷ. ಮೊದಮೊದಲು ಸಿನಿಮಾ ಕ್ಯಾಸೆಟ್ ಭಾರಿ ದುಬಾರಿ, ಹಾಗಾಗಿ ಎಲ್ಲರೂ ಬಾಡಿಗೆಗೆ ತರ್ತಿದ್ರು. ಹಾಸನದಲ್ಲಿ ನಮ್ಮ ಬೀದಿಯಲ್ಲೂ ಗಣೇಶನ ಹಬ್ಬಕ್ಕೆ ವಿಸಿಪಿ ಬಾಡಿಗೆಗೆ ತಂದು ರಾತ್ರಿಯೆಲ್ಲ ಮೂರು ಸಿನಿಮಾ ನೋಡಿ ಬೆಳಿಗ್ಗೆ ವಾಪಸ್ ಕೊಡೋದೇ. ಆದರೆ ಕಲಿಯೋ ಕ್ಯಾಸೆಟ್ಟನ್ನ ಬೆಳಿಗ್ಗೆ ವಾಪಸ್ ಕೊಟ್ಟರೆ ಏನು ಪ್ರಯೋಜನ? ಇದನ್ನ ಸರಿಯಾಗಿ ಹಿಡಿದವನು ಅಮೆರಿಕದ ಸ್ಟುವರ್ಟ್ ಕಾರ್ಲ್. 1982ರಲ್ಲಿ ಅವನು ನಟಿ ಜೇನ್ ಫೋಂಡಾಳ ವ್ಯಾಯಾಮದ ಕ್ಯಾಸೆಟ್ ತಂದ. ಬೆಲೆ 60 ಡಾಲರ್ ಹತ್ತಿರ. ದಿನಾ ನೋಡಬೇಕಲ್ಲ, ಜನ ಕೊಂಡರು. ಅದನ್ನ ಹಾಕೋಕೆ ಅಂತಲೇ ವಿಸಿಆರ್ ಕೊಂಡವರೂ ಇದ್ದರು.

ಅಡುಗೆಯವರು ಸುಮ್ಮನಿರ್ತಾರಾ? 1985ರಲ್ಲಿ ಜೂಲಿಯಾ ಚೈಲ್ಡ್ 'ದಿ ವೇ ಟು ಕುಕ್' ಅಂತ ಒಂದೊಂದು ಗಂಟೆಯ ಆರು ಕ್ಯಾಸೆಟ್ ತಂದರು. ಅದೇ ಹೆಸರಿನ ಪುಸ್ತಕ ಬಂದಿದ್ದು ಆಮೇಲೆ, 1989ರಲ್ಲಿ. ಪುಸ್ತಕವನ್ನ ಇವತ್ತೂ ತೆಗೆದು ಓದಬಹುದು. ಇಲ್ಲೇ ಸಿಡ್ನಿಯಲ್ಲಿ ಬಾಳಿದ, ಕೊಲಂಬೊ ಮೂಲದ ಶಾರ್ಮೇನ್ ಸಾಲೊಮನ್ 1976ರಲ್ಲಿ, ಅಂದ್ರೆ ವಿಎಚ್‌ಎಸ್ ಹುಟ್ಟಿದ ವರ್ಷವೇ ಬರೆದ 'ದಿ ಕಂಪ್ಲೀಟ್ ಏಷ್ಯನ್ ಕುಕ್‌ಬುಕ್' ಇನ್ನೂ ಮರುಮುದ್ರಣ ಆಗ್ತಾನೇ ಇದೆ. ಅಷ್ಟೆಲ್ಲ ಯಾಕೆ, ನಮ್ಮ ಮೂರನೇ ಮಂಗರಸ 16ನೇ ಶತಮಾನದ ಆರಂಭದಲ್ಲಿ ಬರೆದ 'ಸೂಪಶಾಸ್ತ್ರ'ವನ್ನ ಓದೋಕೆ ಕನ್ನಡ ಬಂದ್ರೆ ಸಾಕು. ಕ್ಯಾಸೆಟ್ಟಿಗೆ ಯಂತ್ರ ಬೇಕು.

ಅದೂ ಎಂಥ ಯಂತ್ರ! 30 ಕ್ಯಾಸೆಟ್ಟನ್ನ ಅಂಕಲ್ ನ್ಯೂ ಜೆರ್ಸಿಯ ತಮ್ಮನಿಗೆ ಕಳಿಸಿದ್ದರಂತೆ, ಅಲ್ಲಿಯ ಕನ್ನಡದವರಿಗೆ ಮಾರೋಕೆ. ಎಲ್ಲವೂ ವಾಪಸ್. ಆಸ್ಟ್ರೇಲಿಯಾ, ಭಾರತ ಎರಡರದ್ದೂ ಪಾಲ್ ಪದ್ಧತಿ: ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ: 525 ಗೆರೆ, ಹೆಚ್ಚುಕಮ್ಮಿ 30 ಚಿತ್ರ. ಬೆಂಗಳೂರಲ್ಲಿ ಓಡೋ ಒಬ್ಬಟ್ಟು ನ್ಯೂ ಜೆರ್ಸಿಯಲ್ಲಿ ಬರೀ ಗೆರೆಗೆರೆ. ಇಂಜಿನಿಯರ್ ಆಗಿ ಅದನ್ನ ಮರೆತೆನಲ್ಲ ಅಂತ ಅಂಕಲ್ ಒಂದು ವಾರ ಯಾರ ಹತ್ತಿರಾನೂ ಸರಿಯಾಗಿ ಮಾತಾಡಲಿಲ್ಲವಂತೆ. ಆಮೇಲೆ ಬಂದ ಡಿವಿಡಿಯಲ್ಲಿ ಇನ್ನೊಂದು ರಗಳೆ. ರೀಜನ್ ಕೋಡ್ ಅಂತ ಮಾಡಿ ಆಸ್ಟ್ರೇಲಿಯಾಕ್ಕೆ 4, ಭಾರತಕ್ಕೆ 5 ಕೊಟ್ಟರು. 2005ರಲ್ಲಿ ಯೂಟ್ಯೂಬ್ ಬಂತು, ಅಡುಗೆ ಕಲಿಯೋಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ. 2013ರ ಡಿಸೆಂಬರಿನಲ್ಲಿ ಇಲ್ಲಿ ಅನಲಾಗ್ ಟಿವಿ ನಿಂತಿತು. 2016ರಲ್ಲಿ ಜಪಾನಿನ ಫುನಾಯ್ ವಿಸಿಆರ್ ಮಾಡೋದನ್ನೇ ನಿಲ್ಲಿಸಿತು. ವಿಸಿಆರ್ ಮಾಡ್ತಿದ್ದ ಕೊನೇ ಕಂಪನಿ ಅದು.

ಇನ್ನು ನನ್ನ ವ್ಯಾಪಾರ. ಮೂರು ಆಪ್ ಶಾಪ್‌ಗಳಲ್ಲಿ ಕೇಳಿದೆ, ಕ್ಯಾಸೆಟ್ ಅನ್ನುತ್ತಿದ್ದಂತೆ ಕೈ ಅಲ್ಲಾಡಿಸಿದ್ರು. ಹಳೇ ಕ್ಯಾಸೆಟ್ ಸಂಗ್ರಹಿಸೋರಿಗೆ ಬೇಕಾಗಿರೋದು ದೆವ್ವದ ಸಿನಿಮಾ, ಹುಳಿ ಅಲ್ಲ. ಕೊನೆಗೆ ಆನ್‌ಲೈನ್‌ನಲ್ಲಿ ಹಾಕಿದ ಜಾಹೀರಾತಿಗೆ ಒಬ್ಬ ಹುಡುಗ, "ನಾನೂ ಎಪ್ಪಿಂಗಿನಲ್ಲೇ ಇದೀನಿ, ಸಂಜೆ ಬಂದು ತಗೊಂಡು ಹೋಗ್ತೀನಿ, 100 ಬೇಕು" ಅಂದ. ಆಂಟಿ ಸೀರೆ ಬದಲಾಯಿಸಿ, ಕೋಡುಬಳೆ ಕರಿದು ಕಾದರು. ಎಂಟು ಗಂಟೆ ಆದ್ರೂ ಪತ್ತೆ ಇಲ್ಲ. ಫೋನ್ ಮಾಡಿದ್ರೆ ಅವನ ಎಪ್ಪಿಂಗ್ ಮೆಲ್ಬರ್ನ್‌ನದು! ನಮ್ಮದು 2121, ಅವನದು 3076. ಕೋಡುಬಳೆ ನನ್ನ ನೈಟ್ ಡ್ಯೂಟಿ ಗೆಳತಿಯರ ಪಾಲಾಯ್ತು.

ಆದ್ರೆ ಅವನಿಗೆ ಅಡುಗೆ ಬೇಕಿರಲಿಲ್ಲ. ಬೇಕಾಗಿದ್ದು ಟೇಪು. ಗೊತ್ತಿಲ್ಲದವರಿಗೆ: ಕ್ಯಾಸೆಟ್ ಅಂಚಿನ ಪುಟ್ಟ ಪ್ಲಾಸ್ಟಿಕ್ ತುಂಡು ಮುರಿದಿದ್ರೆ ಅದರ ಮೇಲೆ ರೆಕಾರ್ಡ್ ಆಗಲ್ಲ. ಆ ಗುಂಡಿಗೆ ಒಂದು ಚೂರು ಸೆಲ್ಲೋ ಟೇಪ್ ಅಂಟಿಸಿದ್ರೆ ಆಗತ್ತೆ. ಹಾಗೆ ಮಾಡಿ ತನ್ನ ಸಂಗೀತದ ವಿಡಿಯೋ ತುಂಬಿ ಮಾರ್ತಾನಂತೆ.

"ನನ್ನ ಒಬ್ಬಟ್ಟಿನ ಮೇಲೆ?" ಅಂದ್ರು ಆಂಟಿ. ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಮಾರನೇ ದಿನ ಅವರೇ ಬಾಗಿಲು ತಟ್ಟಿದ್ರು. "ಮೊದಲು ಒಂದು ಸರಿಯಾಗಿ ಎತ್ತಿಡು. ಆಮೇಲೆ ಕೊಡು. ಎರಡು ಡಾಲರಿಗೆ ಕಮ್ಮಿ ಬೇಡ."

ಎತ್ತಿಡೋದು ಅಂದ್ರೆ ಕಂಪ್ಯೂಟರಿಗೆ ಇಳಿಸೋದು. ಕ್ಯಾನ್‌ಬೆರಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ 'ಡೆಡ್‌ಲೈನ್ 2025' ಅಂತ ಎಚ್ಚರಿಸಿತ್ತು: ಅಷ್ಟರೊಳಗೆ ಇಳಿಸದ ಟೇಪುಗಳು ಬಹುಪಾಲು ಕೈಬಿಟ್ಟ ಹಾಗೆ. ಡಬ್ಬ ಬಿಚ್ಚಿದರೆ 18ಕ್ಕೆ ಬಿಳೀ ಬೂಷ್ಟು. ಬೂಷ್ಟು ಹಿಡಿದದ್ದನ್ನ ಹಾಕಿದ್ರೆ ಯಂತ್ರವೂ ಹಾಳು, ಅದರಿಂದ ಮುಂದಿನ ಕ್ಯಾಸೆಟ್ಟಿಗೂ ಅಂಟತ್ತೆ. ಮಾಸ್ಕ್, ಗ್ಲೌಸ್ ಹಾಕಿ ಅವನ್ನೆಲ್ಲ ಐಸೊಲೇಷನ್‌ಗೆ ಕಳಿಸಿದೆ, ವಾರ್ಡಿನ ಥರಾನೇ.

ಸಹೋದ್ಯೋಗಿ ಮನೆಯಿಂದ ವಿಸಿಆರ್ ತಂದು ಒಂದು ಭಾನುವಾರ ಹಾಕಿದೆವು. ಪರದೆ ಮೇಲೆ ಕಪ್ಪು ಜಡೆಯ ಆಂಟಿ, ಹಿಂದಿನಿಂದ ಅಂಕಲ್ ಧ್ವನಿ. "ಉಪ್ಪು ಎಷ್ಟು, ಹೇಳು." "ರುಚಿಗೆ ತಕ್ಕಷ್ಟು." "ತಕ್ಕಷ್ಟು ಅಂದ್ರೆ ಎಷ್ಟು ಗ್ರಾಂ?" "ರೀ, ಸುಮ್ಮನಿರಿ." ಆಂಟಿ ಆ ಜಾಗವನ್ನ ಮೂರು ಸಲ ರಿವೈಂಡ್ ಮಾಡಿಸಿದ್ರು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ಎರಡು ಪೆಟ್ಟಿಗೆ ಮೆಲ್ಬರ್ನ್‌ಗೆ ಹೋಯ್ತು. ಇನ್ನುಳಿದ 22ರಲ್ಲಿ 9 ಮಾರಾಟ ಆಗಿವೆ. ಕೊಂಡವರಲ್ಲಿ ಇಬ್ಬರು 1995ರ ಬ್ರೆಡ್ ಹುಡುಗರು, ಈಗ ಅವರಿಗೇ ಕಾಲೇಜಿಗೆ ಹೋಗೋ ಮಕ್ಕಳು. ಇನ್ನು 13 ಇದೆ. ಕ್ಯಾಸೆಟ್ ಜೊತೆ ಪೆನ್ ಡ್ರೈವ್, ಎರಡೂ ಸೇರಿ 15 ಡಾಲರ್, ಪೋಸ್ಟ್ ಖರ್ಚು ನಿಮ್ಮದು. ಅಮೆರಿಕದವರೂ ಕೇಳಬಹುದು, ಪೆನ್ ಡ್ರೈವ್ ಅಲ್ಲೂ ಓಡತ್ತೆ. ಚೌಕಾಸಿ ಮಾಡೋದಿದ್ರೆ ನೇರ ಆಂಟಿ ಹತ್ತಿರ ಮಾಡಿ.