ಸಿನಿಮಾ ಶುರುವಾಗುವುದು ಎಲ್ಲಿಂದ...?

ಒಂದು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. ಸೋಮಾರಿತನ ಅಲ್ಲ ಮಾರಾಯ್ರೆ, ಕಾಲೇಜಿನ ಕೆಲಸ. ನಾಲ್ಕು ಜನ ಸೇರಿ ಒಂದು ಸಿನಿಮಾದ ಮೊದಲ ಎರಡು ನಿಮಿಷ ಮಾತ್ರ ಮಾಡಿ ತನ್ನಿ ಅಂದಿದ್ದಾರೆ ನಮ್ಮ ಮೇಷ್ಟ್ರು. ಪೂರ್ತಿ ಸಿನಿಮಾ ಬೇಡವಂತೆ, ಕಥೆ ಮುಗಿಯುವುದೂ ಬೇಡವಂತೆ. ಆದರೆ ಇದು ಯಾವ ಜಾತಿಯ ಸಿನಿಮಾ ಅಂತ ನೋಡಿದವರಿಗೆ ಆ ಎರಡು ನಿಮಿಷದಲ್ಲೇ ಗೊತ್ತಾಗಬೇಕು, ಮುಂದೇನು ಅನ್ನೋ ಕುತೂಹಲವೂ ಹುಟ್ಟಬೇಕು.

ನಮ್ಮ ಗುಂಪು ಐದೇ ನಿಮಿಷದಲ್ಲಿ ತೀರ್ಮಾನ ಮಾಡಿತು: ಹಾರರ್! ಯಾಕೆ ಅಂದರೆ ಸಾಗರದ ಹತ್ತಿರ ನಮ್ಮ ಅಜ್ಜಿ ಮನೆ ಇದೆ. ಕತ್ತಲೆ ಅಟ್ಟ, ಕಿರ್ ಅನ್ನುವ ಬಾಗಿಲು, ಹಿಂದೆ ಅಡಿಕೆ ತೋಟ. ಬಾಡಿಗೆ ಇಲ್ಲ, ಊಟ ಬೇರೆ ಸಿಗುತ್ತದೆ :) ನಾನೂ ಹುರುಪಿನಲ್ಲಿ ಅಜ್ಜಿಗೆ ಫೋನ್ ಮಾಡಿದೆ. ಎಲ್ಲಾ ಕೇಳಿಸಿಕೊಂಡ ಅಜ್ಜಿ ಹೇಳಿದ್ದು ಇಷ್ಟೇ: "ನೀವೆಲ್ಲ ಭೂತ ಬಿಟ್ಟು ಬೆಂಗಳೂರಿಗೆ ಹೋಗ್ತೀರಿ. ಆಮೇಲೆ ಆ ಮನೇಲಿ ಒಬ್ಬಳೇ ಮಲಗೋದು ನಾನು."

ಅಜ್ಜ ತೀರಿಕೊಂಡು ಎರಡು ವರ್ಷ ಆಯಿತು. ಅವರು ಹೋಗಿದ್ದು ಅದೇ ಮನೆಯಲ್ಲಿ, ನಾವು ಕ್ಯಾಮೆರಾ ಇಡೋಣ ಅಂದುಕೊಂಡಿದ್ದ ಕೋಣೆಯ ಪಕ್ಕದ ಕೋಣೆಯಲ್ಲಿ. ನನಗೆ ಅದು ಹೊಳೆದೇ ಇರಲಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಗೆಳೆಯರಿಗೆ ಹೇಳಿದೆ. ಮನೆ ಅದೇ ಇರಲಿ, ಜಾನರ್ ಬೇರೆ ಹುಡುಕು, ಹುಡುಕೋ ಜವಾಬ್ದಾರಿ ನಿಂದೇ ಅಂದರು. ಹೀಗೆ ಶುರುವಾಯಿತು ನನ್ನ ಮೂರು ವಾರದ ಜಾಗರಣೆ. ಹಳೆಯ ಸಿನಿಮಾಗಳ ಮೊದಲ ಹತ್ತು ನಿಮಿಷ ಮಾತ್ರ ನೋಡೋದು, ಅದರ ಬಗ್ಗೆ ಓದೋದು, ಮುಂದಿನದಕ್ಕೆ ಹೋಗೋದು. (ಹೀಗೆ ನೋಡಬಾರದು ಅಂತ ಗೊತ್ತು, ಬೈಯಬೇಡಿ. ಕೆಲವನ್ನು ನಿಲ್ಲಿಸಲಾಗದೆ ಪೂರ್ತಿ ನೋಡಿದ್ದೇನೆ.)

ಮೊದಲು ಸಿಕ್ಕಿದ್ದು 1903ರ 'ದಿ ಗ್ರೇಟ್ ಟ್ರೈನ್ ರಾಬರಿ'. ಎಡಿಸನ್ ಕಂಪನಿಗೆ ಎಡ್ವಿನ್ ಎಸ್. ಪೋರ್ಟರ್ ಮಾಡಿದ್ದು, ಸುಮಾರು 12 ನಿಮಿಷ. ಇದರಲ್ಲಿ ದರೋಡೆಕೋರರ ನಾಯಕ ನೇರ ನಮ್ಮ ಮುಖಕ್ಕೇ ಪಿಸ್ತೂಲು ಹಿಡಿದು ಗುಂಡು ಹಾರಿಸುವ ಒಂದು ಶಾಟ್ ಇದೆ. ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ. ಮಜಾ ಏನು ಗೊತ್ತಾ? ಈ ಶಾಟನ್ನು ಸಿನಿಮಾದ ಆರಂಭದಲ್ಲಾದರೂ ಹಾಕಿ, ಕೊನೆಯಲ್ಲಾದರೂ ಹಾಕಿ, ನಿಮ್ಮಿಷ್ಟ ಅಂತ ಪ್ರದರ್ಶಕರಿಗೆ ಎಡಿಸನ್ ಕಂಪನಿಯ ಕ್ಯಾಟಲಾಗಿನಲ್ಲೇ ಬರೆದಿತ್ತು! ಅಂದರೆ ಸಿನಿಮಾ ಹೇಗೆ ಶುರುವಾಗಬೇಕು ಅನ್ನುವುದು ನಿರ್ದೇಶಕನ ಕೈಯಲ್ಲಿರಲಿಲ್ಲ, ಪ್ರೊಜೆಕ್ಟರ್ ತಿರುಗಿಸುವವನ ಕೈಯಲ್ಲಿತ್ತು. ಇನ್ನೊಂದು ವಿಷಯ. ನಾವು ಇವತ್ತು ಅದನ್ನು ಮೊದಮೊದಲ ವೆಸ್ಟರ್ನ್ ಅನ್ನುತ್ತೇವೆ. ಆದರೆ ಚಿತ್ರೀಕರಣ ಬಹುಪಾಲು ಆಗಿದ್ದು ಅಮೆರಿಕದ ಪೂರ್ವ ತೀರದ ನ್ಯೂಜೆರ್ಸಿಯಲ್ಲಿ, ಮತ್ತು ಆಗಿನ ಜನ ಅದನ್ನು ನೋಡಿದ್ದು ರೈಲಿನ ಸಿನಿಮಾ, ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ಸಿನಿಮಾ ಅಂತ. ಮಗು ಹುಟ್ಟಿ ಎಷ್ಟೋ ಕಾಲದ ಮೇಲೆ ನಾಮಕರಣ ಆದ ಹಾಗೆ.

ಈ ತಡವಾದ ನಾಮಕರಣದ ಕಥೆ ಮುಂದೆಯೂ ಬರುತ್ತದೆ.

ಭಯದ ಕಡೆ ಬರೋಣ. 1920ರಲ್ಲಿ ಜರ್ಮನಿಯಲ್ಲಿ ರಾಬರ್ಟ್ ವೀನೆ ಮಾಡಿದ 'ಡಾ. ಕ್ಯಾಲಿಗರಿ' ಸಿನಿಮಾದಲ್ಲಿ ನೆರಳುಗಳನ್ನು ಬೆಳಕಿನಿಂದ ಮಾಡಿಲ್ಲ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ. ಸೊಟ್ಟ ಕಿಟಕಿ, ಸೊಟ್ಟ ಬೀದಿ, ಸೊಟ್ಟ ಚಿಮಣಿ. ಆದರೆ ಶುರುವಾಗುವುದು ಮಾತ್ರ ಎಷ್ಟು ಸಾದಾ ಅಂತೀರಿ, ಇಬ್ಬರು ಗಂಡಸರು ಒಂದು ಬೆಂಚಿನ ಮೇಲೆ ಕೂತು ಮಾತಾಡುತ್ತಿರುತ್ತಾರೆ, ಅಷ್ಟೆ. ಬಿಳಿ ಬಟ್ಟೆಯ ಹೆಂಗಸೊಬ್ಬಳು ಕನಸಿನಲ್ಲಿ ನಡೆದ ಹಾಗೆ ಪಕ್ಕದಲ್ಲೇ ಹಾದು ಹೋಗುತ್ತಾಳೆ. ಅವರು ಕೂತಿರುವ ಜಾಗ ಯಾವುದು ಅಂತ ಗೊತ್ತಾಗುವುದು ಕೊನೆಯಲ್ಲಿ. ಹೇಳಿಬಿಟ್ಟರೆ ನೋಡದವರ ಮಜಾ ಹೋಗುತ್ತದೆ, ಬಿಡಿ.

1931ರ 'ಫ್ರಾಂಕನ್‌ಸ್ಟೈನ್' ಇನ್ನೂ ಇಷ್ಟವಾಯಿತು. ಸಿನಿಮಾ ಶುರುವಾಗುವ ಮುಂಚೆ ಪರದೆಯ ಹಿಂದಿನಿಂದ ಒಬ್ಬ ಬಂದು, ನಿಮಗೆ ಹೆದರಿಕೆಯಾಗಬಹುದು, ಎದೆ ಗಟ್ಟಿ ಇಲ್ಲದವರು ಈಗಲೇ ಯೋಚನೆ ಮಾಡಿ ಅನ್ನುವ ಅರ್ಥದಲ್ಲಿ ಎಚ್ಚರಿಸಿ ಹೋಗುತ್ತಾನೆ. ಆತ ಎಡ್ವರ್ಡ್ ವ್ಯಾನ್ ಸ್ಲೋನ್, ಅದೇ ಸಿನಿಮಾದಲ್ಲಿ ಪಾತ್ರ ಮಾಡಿದ ನಟ. ಆಮೇಲೆ ಬರುವ ಹೆಸರುಗಳ ಪಟ್ಟಿಯಲ್ಲಿ ರಾಕ್ಷಸನ ಪಾತ್ರದ ಎದುರು ನಟನ ಹೆಸರೇ ಇಲ್ಲ, ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ! ಬೋರಿಸ್ ಕಾರ್ಲಾಫ್ ಅನ್ನುವ ಹೆಸರು ಬರುವುದು ಕೊನೆಯ ಪಟ್ಟಿಯಲ್ಲಿ. ಒಂದು ಚಿಹ್ನೆಯ ಖರ್ಚಿನಲ್ಲಿ ಎಷ್ಟು ಭಯ ಸಂಪಾದನೆ ನೋಡಿ.

ಇದನ್ನು ಅಜ್ಜಿಗೆ ಫೋನಿನಲ್ಲಿ ಹೇಳಿದೆ. (ಈ ಮೂರು ವಾರದಲ್ಲಿ ಅಜ್ಜಿಗೆ ಫೋನ್ ಮಾಡಿದಷ್ಟು ಇಡೀ ವರ್ಷದಲ್ಲಿ ಮಾಡಿರಲಿಲ್ಲ.) ಅವರಿಗೆ ಏನೂ ಹೊಸತು ಅನ್ನಿಸಲಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ತೆರೆ ಹಿಡಿಯುವುದು ಮತ್ತೆ ಯಾಕೆ ಅಂದುಕೊಂಡೆ ಅಂದರು. ತೆರೆಯ ಹಿಂದಿನಿಂದ ಮೊದಲು ಆರ್ಭಟೆ, ಆಮೇಲೆ ಕಿರೀಟದ ತುದಿ, ಪಂಜಿಗೆ ರಾಳ ಎರಚಿದಾಗ ಭಗ್ ಅಂತ ಬೆಂಕಿ. "ವೇಷ ಕಾಣೋ ಮೊದಲೇ ಮಕ್ಕಳೆಲ್ಲ ಅಳ್ತಿದ್ವು. ಪೂರ್ತಿ ಕಂಡ ಮೇಲೆ ಸುಮ್ಮನಾಗ್ತಿದ್ವು" ಅಂದರು. ನನ್ನ ನೋಟ್ ಬುಕ್ಕಿನಲ್ಲಿ ಇದನ್ನು ಕೆಂಪು ಇಂಕಿನಲ್ಲಿ ಬರೆದುಕೊಂಡಿದ್ದೇನೆ.

ಅದೇ 1931ರಲ್ಲಿ ಜರ್ಮನಿಯಲ್ಲಿ ಫ್ರಿಟ್ಜ್ ಲ್ಯಾಂಗ್ 'ಎಂ' ಮಾಡಿದ. ನನ್ನ ಮಟ್ಟಿಗೆ ಈ ಮೂರು ವಾರದಲ್ಲಿ ನೋಡಿದ ಅತ್ಯುತ್ತಮ ಆರಂಭ ಇದೇ. ವಠಾರದ ಅಂಗಳದಲ್ಲಿ ಮಕ್ಕಳು ಸುತ್ತ ನಿಂತು ಆಟ ಆಡುತ್ತಿರುತ್ತಾರೆ, ಬಾಯಲ್ಲಿ ಕೊಲೆಗಾರನ ಬಗ್ಗೆ ಹಾಡು. ಮೇಲಿನ ಮನೆಯಲ್ಲಿ ಒಬ್ಬ ತಾಯಿ ಬಟ್ಟೆ ಒಗೆದು, ಅಡಿಗೆ ಮಾಡಿ, ಶಾಲೆಯಿಂದ ಬರುವ ಮಗಳಿಗಾಗಿ ತಟ್ಟೆ ಇಡುತ್ತಾಳೆ. ಗಡಿಯಾರ ನೋಡುತ್ತಾಳೆ. ಅತ್ತ ಮಗಳು ಬೀದಿಯಲ್ಲಿ ಒಂದು ಭಿತ್ತಿಪತ್ರಕ್ಕೆ ಚೆಂಡು ಹೊಡೆಯುತ್ತಿದ್ದಾಳೆ. ಅದು ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ ಬಹುಮಾನ ಅನ್ನುವ ಭಿತ್ತಿಪತ್ರ, ಅದರ ಮೇಲೆ ಒಬ್ಬನ ನೆರಳು ಬೀಳುತ್ತದೆ. ಮುಖ ತೋರಿಸುವುದಿಲ್ಲ. ಆಮೇಲೆ ತಾಯಿ ಮಗಳ ಹೆಸರು ಕೂಗುತ್ತಾಳೆ, ನಮಗೆ ಕಾಣುವುದು ಖಾಲಿ ಮೆಟ್ಟಿಲು, ಬಟ್ಟೆ ಒಣಹಾಕಿದ ಖಾಲಿ ಅಟ್ಟ, ಊಟದ ಮೇಜಿನ ಮೇಲೆ ಖಾಲಿ ತಟ್ಟೆ. ಪೊದೆಯಿಂದ ಚೆಂಡು ಉರುಳಿ ಬರುತ್ತದೆ. ಬಲೂನು ತಂತಿಗೆ ಸಿಕ್ಕಿಕೊಳ್ಳುತ್ತದೆ. ಅಷ್ಟೇ. ಒಂದು ಹನಿ ರಕ್ತ ಇಲ್ಲ, ಒಂದು ಚೀರಾಟ ಇಲ್ಲ. ಆ ರಾತ್ರಿ ಹಾಸ್ಟೆಲ್ಲಿನಲ್ಲಿ ನನಗೆ ನಿದ್ದೆ ಬರಲಿಲ್ಲ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಲ್ಯಾಂಗ್, ಬಿಲ್ಲಿ ವೈಲ್ಡರ್, ರಾಬರ್ಟ್ ಸಿಯೋಡ್ಮಾಕ್ ಮುಂತಾದವರು ದೇಶ ಬಿಟ್ಟು, ಪ್ಯಾರಿಸ್ ದಾಟಿ, ಕೊನೆಗೆ ಹಾಲಿವುಡ್ ಸೇರಿದರು. ಹೋಗುವಾಗ ಆ ನೆರಳುಗಳನ್ನೂ ಗಂಟು ಕಟ್ಟಿಕೊಂಡು ಹೋದರು ಅನ್ನಬೇಕು. 1940ರ ದಶಕದಲ್ಲಿ ಅವರೂ, ಅವರ ಜೊತೆ ಅಲ್ಲಿನವರೂ ಮಾಡಿದ ಕತ್ತಲೆ ತುಂಬಿದ ಅಪರಾಧದ ಸಿನಿಮಾಗಳನ್ನು ಹಾಲಿವುಡ್ಡಿನವರು ಸಾಮಾನ್ಯವಾಗಿ ಮೆಲೋಡ್ರಾಮ ಅಂತ ಕರೆಯುತ್ತಿದ್ದರು. ಯುದ್ಧದ ಕಾಲದಲ್ಲಿ ಫ್ರಾನ್ಸಿಗೆ ಅಮೆರಿಕದ ಸಿನಿಮಾ ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ 'ದಿ ಮಾಲ್ಟೀಸ್ ಫಾಲ್ಕನ್', 'ಡಬಲ್ ಇಂಡೆಮ್ನಿಟಿ', 'ಲಾರಾ' ಎಲ್ಲ ಒಟ್ಟಿಗೇ ಬಂದು ಬಿದ್ದವು. ಹಾಗೆ ಒಟ್ಟಿಗೆ ನೋಡಿದ್ದರಿಂದಲೇ ಅವುಗಳ ನಡುವಿನ ಹೋಲಿಕೆ ಕಣ್ಣಿಗೆ ಹೊಡೆಯಿತು. 1946ರಲ್ಲಿ ನೀನೋ ಫ್ರಾಂಕ್ ಎಂಬ ವಿಮರ್ಶಕ ಅವಕ್ಕೆ 'ಫಿಲ್ಮ್ ನ್ವಾರ್', ಅಂದರೆ ಕಪ್ಪು ಸಿನಿಮಾ, ಅಂತ ಹೆಸರಿಟ್ಟ. ಮಾಡಿದವರಿಗೇ ತಾವು ಮಾಡುತ್ತಿರುವುದು ನ್ವಾರ್ ಅಂತ ಗೊತ್ತಿರಲಿಲ್ಲ! ನಮ್ಮ ಕ್ಲಾಸಿನಲ್ಲಿ ಮಾತ್ರ ಟೋಪಿ, ಸಿಗರೇಟು ಹೊಗೆ, ಕಿಟಕಿ ಪಟ್ಟಿಯ ನೆರಳು ಅಂತ ಪಟ್ಟಿ ಮಾಡಿ ಕಂಠಪಾಠ ಮಾಡಿಸುತ್ತಾರೆ.

ವೈಲ್ಡರನ ಒಂದು ಕಥೆ ಹೇಳಲೇಬೇಕು. 1950ರ 'ಸನ್‌ಸೆಟ್ ಬುಲೆವಾರ್ಡ್' ಮೊದಲು ಶವಾಗಾರದಲ್ಲಿ ಶುರುವಾಗುತ್ತಿತ್ತು. ಸಾಲಾಗಿ ಮಲಗಿಸಿದ ಹೆಣಗಳು ಪರಸ್ಪರ ಮಾತಾಡುತ್ತ ತಾವು ಹೇಗೆ ಸತ್ತೆವು ಅಂತ ಹೇಳಿಕೊಳ್ಳುತ್ತವೆ. ಪ್ರಯೋಗ ಪ್ರದರ್ಶನದಲ್ಲಿ ಕಾಲ್ಬೆರಳಿಗೆ ಚೀಟಿ ಕಟ್ಟುವುದನ್ನು ನೋಡಿ ಜನ ಗೊಳ್ ಅಂತ ನಕ್ಕರು. ವೈಲ್ಡರ್ ಇಡೀ ದೃಶ್ಯ ಕಿತ್ತುಹಾಕಿದ. ಬದಲಿಗೆ ಈಜುಕೊಳದಲ್ಲಿ ತೇಲುವ ಹೆಣ, ಹಿನ್ನೆಲೆಯಲ್ಲಿ ಸತ್ತವನದೇ ದನಿ. ಕೊಳದ ತಳದಿಂದ ನೋಡಿದ ಹಾಗೆ ಕಾಣುವ ಆ ಪ್ರಸಿದ್ಧ ಶಾಟ್ ತೆಗೆದದ್ದು ತಳದಲ್ಲಿ ಕನ್ನಡಿ ಇಟ್ಟು, ಅದರಲ್ಲಿನ ಬಿಂಬವನ್ನು ಮೇಲಿಂದ ಚಿತ್ರಿಸಿ. ಸತ್ತವನು ಕಥೆ ಹೇಳುವುದು ಎರಡರಲ್ಲೂ ಇದೆ, ಒಂದಕ್ಕೆ ಜನ ನಕ್ಕರು, ಇನ್ನೊಂದಕ್ಕೆ ಉಸಿರು ಬಿಗಿಹಿಡಿದರು. ನಮ್ಮ ಗುಂಪಿನ ಮೊದಲ ಸ್ಕ್ರಿಪ್ಟು ಖಂಡಿತ ನಗುವ ಪಕ್ಷದ್ದು ಅಂತ ಆಗಲೇ ಗೊತ್ತಾಯಿತು.

ಇನ್ನು 1958ರ 'ಟಚ್ ಆಫ್ ಈವಿಲ್'. ಒಂದು ಕೈ ಟೈಂ ಬಾಂಬಿನ ಗಡಿಯಾರ ತಿರುಗಿಸಿ, ಕಾರಿನ ಡಿಕ್ಕಿಯಲ್ಲಿಟ್ಟು ಓಡುತ್ತದೆ. ಒಂದು ಜೋಡಿ ಬಂದು ಕಾರು ಹತ್ತುತ್ತದೆ. ಅಲ್ಲಿಂದ ಕ್ಯಾಮೆರಾ ಮೇಲೆದ್ದು, ಮನೆಗಳ ಮೇಲೆ ಹಾದು, ಬೀದಿಗಿಳಿದು, ಗಡಿ ಠಾಣೆಯವರೆಗೆ ಮೂರು ನಿಮಿಷಕ್ಕೂ ಹೆಚ್ಚು ಕಾಲ ಒಂದೇ ಶಾಟ್. ಹೊಸದಾಗಿ ಮದುವೆಯಾದ ನಾಯಕ ನಾಯಕಿ ಅದೇ ಕಾರಿನ ಪಕ್ಕದಲ್ಲೇ ನಡೆಯುತ್ತಿದ್ದಾರೆ. ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಆರ್ಸನ್ ವೆಲ್ಸ್ ಇಷ್ಟು ಮಾಡಿ ಕೊಟ್ಟರೆ, ಸ್ಟುಡಿಯೋದವರು ಅದರ ಮೇಲೆ ನಟರ ಹೆಸರುಗಳನ್ನೂ ಹೆನ್ರಿ ಮ್ಯಾನ್ಸಿನಿಯ ಸಂಗೀತವನ್ನೂ ಅಂಟಿಸಿದರು. ಬಾಂಬು ನೋಡುವುದೋ, ಹೆಸರು ಓದುವುದೋ? ತನ್ನ ಕೈಯಿಂದ ಸಿನಿಮಾ ತಪ್ಪಿಹೋದ ಮೇಲೆ ವೆಲ್ಸ್ 58 ಪುಟದ ಟಿಪ್ಪಣಿ ಬರೆದು ಏನೇನು ಸರಿಪಡಿಸಬೇಕು ಅಂತ ಕೇಳಿಕೊಂಡ. ಹೆಚ್ಚಿನದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1985ರಲ್ಲಿ ಆತ ತೀರಿಕೊಂಡ. 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಆ ಟಿಪ್ಪಣಿ ಹಿಡಿದು ಕೂತು ಸಿನಿಮಾವನ್ನು ಮತ್ತೆ ಕಟ್ಟಿದಾಗ, ಹೆಸರುಗಳೂ ಇಲ್ಲ, ಆ ಸಂಗೀತವೂ ಇಲ್ಲ, ಬೀದಿಯ ಒಂದೊಂದು ಬಾರಿನಿಂದ, ಹಾದುಹೋಗುವ ಕಾರಿನ ರೇಡಿಯೋದಿಂದ ಕೇಳಿಬರುವ ಹಾಡುಗಳು ಮಾತ್ರ. ಆ ಕಾರು ಎಲ್ಲಿದೆ ಅಂತ ಈಗ ಕಿವಿಯಿಂದಲೇ ಗೊತ್ತಾಗುತ್ತದೆ. ಎರಡೂ ಆವೃತ್ತಿ ಒಂದರ ಹಿಂದೆ ಒಂದು ನೋಡಿ, ಅದೇ ಶಾಟು ಬೇರೆ ಸಿನಿಮಾ ಆಗಿರುತ್ತದೆ.

ಹಿಚ್‌ಕಾಕ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. 1978ರ 'ಹ್ಯಾಲೋವೀನ್' ಮಾತ್ರ ನಮ್ಮಂಥ ಬಡ ವಿದ್ಯಾರ್ಥಿಗಳಿಗೆ ಪಾಠ. ಸುಮಾರು ಮೂರು ಲಕ್ಷ ಡಾಲರಿನಲ್ಲಿ ಜಾನ್ ಕಾರ್ಪೆಂಟರ್ ಮಾಡಿದ್ದು, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು. ಶರತ್ಕಾಲದ ಕಥೆಯನ್ನು ವಸಂತದಲ್ಲಿ ತೆಗೆಯಬೇಕಾಗಿ ಬಂದು ಎಲೆಗಳಿಗೆ ಬಣ್ಣ ಬಳಿದು ಬೀದಿಗೆ ಚೆಲ್ಲಿದರು. ಮೊದಲ ದೃಶ್ಯ ಪೂರ್ತಿ ಕೊಲೆಗಾರನ ಕಣ್ಣಿನಿಂದ, ಕೊನೆಗೆ ಮುಖವಾಡ ತೆಗೆದರೆ ಆರು ವರ್ಷದ ಹುಡುಗ. ಚಾಕು ಎತ್ತಿಕೊಳ್ಳುವ ಆ ಕೈ ಹುಡುಗನದಲ್ಲ, ನಿರ್ಮಾಪಕಿ ಡೆಬ್ರಾ ಹಿಲ್ ಅವರದು :)

ನಮ್ಮಲ್ಲಿ? 1934ರ 'ಸತಿ ಸುಲೋಚನ'ದ ಕಾಲಕ್ಕೆ ಕಥೆ ಏನು ಅಂತ ಜನರಿಗೆ ಟಿಕೆಟ್ ತೆಗೆದುಕೊಳ್ಳುವ ಮೊದಲೇ ಗೊತ್ತಿತ್ತು, ಇಂದ್ರಜಿತುವಿನ ಹೆಂಡತಿಯ ಕಥೆ ಯಾರಿಗೆ ಗೊತ್ತಿಲ್ಲ? ಪೌರಾಣಿಕಕ್ಕೆ 'ಮುಂದೇನು' ಬೇಕಿರಲಿಲ್ಲ, 'ಹೇಗೆ' ಸಾಕಿತ್ತು. 1968ರ 'ಜೇಡರ ಬಲೆ'ಯಲ್ಲಿ ದೊರೈ-ಭಗವಾನ್ ಜೋಡಿ ರಾಜಕುಮಾರರನ್ನು ಪತ್ತೇದಾರ ಮಾಡಿತು, 1978ರಲ್ಲಿ ಕಾಶಿನಾಥರ 'ಅಪರಿಚಿತ' ಬಂತು, 1989ರಲ್ಲಿ ಸುನಿಲ್ ಕುಮಾರ್ ದೇಸಾಯಿ ಹಾಡುಗಳೇ ಇಲ್ಲದ 'ತರ್ಕ' ಮಾಡಿದರು. ಆದರೆ ನಮ್ಮ ಸಿನಿಮಾ ಬಾಳೆಲೆ ಊಟದ ಹಾಗೆ, ಹುಳಿಯೂ ಬೇಕು ಪಾಯಸವೂ ಬೇಕು. ಬರೀ ಭಯ ಬಡಿಸುವ ಧೈರ್ಯ ಮಾಡಿದವರು ಕಡಿಮೆ. ಇದು ದೂರು ಅಲ್ಲ, ಪಾಯಸ ನನಗೂ ಇಷ್ಟ.

ಇಷ್ಟೆಲ್ಲ ಆದ ಮೇಲೆ ಕಳೆದ ಭಾನುವಾರ ಗುಂಪು ಸೇರಿತು. ನಾನು 'ಎಂ' ತೋರಿಸಿದೆ. ಕ್ಯಾಮೆರಾ ಹಿಡಿಯುವ ಗೆಳೆಯ ಇನ್ನೂ ಅಟ್ಟದ ಆಸೆ ಬಿಟ್ಟಿರಲಿಲ್ಲ, ಹನ್ನೆರಡು ನಿಮಿಷ ಜಗಳ ಆಯಿತು, ಕೊನೆಗೆ ಒಪ್ಪಿದ. ನಮ್ಮ ಎರಡು ನಿಮಿಷ ಈಗ ಹೀಗಿದೆ: ಹಗಲು ಹೊತ್ತು. ಅಡಿಗೆ ಮನೆಯಲ್ಲಿ ಒಬ್ಬ ಮುದುಕಿ ಎರಡು ಎಲೆ ಹಾಕುತ್ತಾಳೆ. ಒಂದಕ್ಕೆ ಬಡಿಸುತ್ತಾಳೆ. ಜಗಲಿಗೆ ಹೋಗಿ ದಾರಿ ನೋಡುತ್ತಾಳೆ. ಅಂಗಳದಲ್ಲಿ ಯಾರದೋ ಚಪ್ಪಲಿ ಇದೆ, ಒಂದೇ ಕಾಲಿನದು. ಅವಳು ಅದನ್ನು ನೋಡುವ ಮೊದಲೇ ಹೆಸರುಗಳು ಬರುತ್ತವೆ. ಸಂಗೀತ ಇಲ್ಲ, ತೋಟದ ಸದ್ದು ಮಾತ್ರ.

ಅಜ್ಜಿಗೆ ಇದನ್ನೆಲ್ಲ ವಿವರಿಸಿ, ಮುದುಕಿಯ ಪಾತ್ರ ನೀವೇ ಮಾಡಬೇಕು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೇಡ ಅನ್ನುತ್ತಾರೆ ಅಂದುಕೊಂಡೆ.

"ಯಾರು ಬರಬೇಕಿತ್ತು ಅವಳಿಗೆ?" ಅಂದರು.

ಅದು ನಮ್ಮ ಎರಡು ನಿಮಿಷದಲ್ಲಿ ಇಲ್ಲ ಅಜ್ಜಿ, ನಾವು ಯೋಚನೆ ಮಾಡಿಲ್ಲ ಅಂದೆ.

"ನೀವು ಮಾಡದಿದ್ರೆ ಬಿಡಿ, ನಾನು ಮಾಡ್ಕೋತೀನಿ. ಬರೋವಾಗ ಬಾಳೆಲೆ ತರಬೇಡಿ, ಇಲ್ಲೇ ಇದೆ. ಎಷ್ಟು ಜನ ಊಟಕ್ಕೆ?"

ನಾಲ್ಕು ಜನ ಅಂದೆ. ಶನಿವಾರ ಬೆಳಿಗ್ಗೆ ಹೊರಡುತ್ತಿದ್ದೇವೆ. ಟ್ರೈಪಾಡ್ ಇನ್ನೂ ಸಿಕ್ಕಿಲ್ಲ.