ಸವಳು ನೀರಿನ ಸೀಮೆಯಲ್ಲಿ ಉಗಿಬಂಡಿ

ನಮ್ಮ ಕಡೆ ನೀರು ಕಾಯಿಸುವ ಹಂಡೆಯನ್ನು ಆಗಾಗ ಒಲೆಯಿಂದ ಇಳಿಸಿ ಒಳಗಿನ ಸುಣ್ಣ ಕೆರೆಯುವುದು ಒಂದು ಕೆಲಸ. ಬೋರಿನ ನೀರು ಕಾದು ಕಾದು ಹಂಡೆಯ ತಳಕ್ಕೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ಅದು ದಪ್ಪವಾದಷ್ಟೂ ಕಟ್ಟಿಗೆ ಹೆಚ್ಚು ಬೇಕು, ನೀರು ಕಾಯುವುದು ತಡ. ಹಾಗೇ ಬಿಟ್ಟರೆ ಒಂದು ದಿನ ತಳವೇ ತೂತು ಬೀಳುತ್ತದೆ. ನನ್ನ ಮುತ್ಯಾ ಹಂಡೆಯನ್ನು ಅಂಗಳದಲ್ಲಿ ಬೋರಲು ಹಾಕಿ, ಮೆಲ್ಲಗೆ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. "ಇದು ನೀರಲ್ಲೋ ತಮ್ಮಾ, ಸುಣ್ಣದ ತಿಳಿ" ಎಂದು ಬೈಯುತ್ತಿದ್ದ. ಉಗಿ ಎಂಜಿನ್ನುಗಳ ಬಗ್ಗೆ ಓದತೊಡಗಿದಾಗ ನನಗೆ ಮೊದಲು ನೆನಪಾದದ್ದು ಆ ಹಂಡೆ. ವಿಜಯಪುರಕ್ಕೆ ರೈಲು ಬಂದ ಕತೆಯನ್ನು ಹಳಿ, ಸೇತುವೆ, ಉದ್ಘಾಟನೆಯ ತಾರೀಖುಗಳ ಮೂಲಕ ಹೇಳುವುದು ರೂಢಿ. ಅದೇ ಕತೆಯನ್ನು ನೀರಿನ ಕಡೆಯಿಂದ, ಎಂಜಿನ್ನನ್ನು ದಿನದಿನವೂ ಕಾಪಾಡಿದವರ ಕಡೆಯಿಂದ ಹೇಳಿದರೆ ಹೇಗೆ ಕಾಣುತ್ತದೆ?

ಈ ರೈಲು ಹುಟ್ಟಿದ್ದೇ ಬರದಿಂದ. 1876ರಿಂದ 78ರವರೆಗಿನ ಧಾತು ಸಂವತ್ಸರದ ಬರ ನಮ್ಮ ಜಿಲ್ಲೆಯನ್ನು ಹೇಗೆ ಹಿಂಡಿತೆಂಬುದಕ್ಕೆ ಜನಗಣತಿಯ ಎರಡು ಅಂಕಿಗಳು ಸಾಕು. ಆಗ ಕಲಾದಗಿ ಎಂಬ ಹೆಸರಿದ್ದ ಈ ಜಿಲ್ಲೆಯಲ್ಲಿ 1872ರಲ್ಲಿ ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. 1881ರಲ್ಲಿ ಉಳಿದವರು ಸುಮಾರು 6 ಲಕ್ಷ 38 ಸಾವಿರ. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ಸತ್ತರು ಅಥವಾ ಊರು ಬಿಟ್ಟರು. ಬೇರೆ ಕಡೆ ಕಾಳು ಇದ್ದಾಗಲೂ ಅದನ್ನು ಇಲ್ಲಿಗೆ ಎತ್ತಿನ ಬಂಡಿಯಲ್ಲೇ ತರಬೇಕಿತ್ತು. ಬರಗಾಲದಲ್ಲಿ ದಾರಿಯ ಮೇಲೆ ಎತ್ತಿಗೆ ಮೇವೂ ಇಲ್ಲ, ನೀರೂ ಇಲ್ಲ. 1880ರ ಬರಗಾಲ ಆಯೋಗ ಇಂಥ ಸೀಮೆಗಳಿಗೆ ರೈಲು ಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿನವರೆಗೆ ಮೀಟರ್‌ಗೇಜ್ ಹಳಿ ಬಂತು. ಮರುವರ್ಷ ಜಿಲ್ಲೆಯ ಮುಖ್ಯ ಕಚೇರಿಗಳೂ ಕಲಾದಗಿಯಿಂದ ಬಿಜಾಪುರಕ್ಕೆ ಬಂದವು. ಪಾಳುಬಿದ್ದ ಆದಿಲ್‌ಶಾಹಿ ಅರಮನೆಗಳು ಸರಕಾರಿ ಕಚೇರಿಗಳಾದವು. ಕೋಟೆಗೋಡೆಯ ಪೂರ್ವಕ್ಕೆ, ಗೋಳಗುಮ್ಮಟದ ಮಗ್ಗುಲಿಗೆ ಎದ್ದ ಸ್ಟೇಶನ್ನು ಊರಿನ ಹೊಸ ಬಾಗಿಲಾಯಿತು.

ರೈಲು ಬಂದ ಮಾತ್ರಕ್ಕೆ ಹಸಿವು ನೀಗಲಿಲ್ಲ. ಕಾಳು ಸ್ಟೇಶನ್ನಿಗೆ ಬಂದರೂ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದವನಿಗೆ ಅದರಿಂದ ಏನೂ ಆಗುವಂತಿರಲಿಲ್ಲ. ಕಾಳನ್ನು ಒಳಗೆ ತರುವ ಹಳಿ ಅದನ್ನು ಹೊರಗೂ ಒಯ್ಯುತ್ತದೆ. ಇತಿಹಾಸಕಾರರು ಈ ಬಗ್ಗೆ ಇಂದಿಗೂ ವಾದಿಸುತ್ತಾರೆ. ತಿಕೋಟಾ, ಬಬಲೇಶ್ವರದ ಕಡೆಗೆ ಹಳಿ ಬರಲೇ ಇಲ್ಲ. ಆ ಭಾಗದವರಿಗೆ ರೈಲೆಂದರೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ಆಚೆಗಿನ ಬಿಜಾಪುರದ ಸ್ಟೇಶನ್ನು. ಹತ್ತಿಯ ಅಂಡಿಗೆ, ಜೋಳದ ಚೀಲ ಬಂಡಿಯಲ್ಲಿ ಅಲ್ಲಿಗೆ ಹೋಗಬೇಕಿತ್ತು.

ನಮ್ಮ ಮುತ್ಯಾನ ಊರು ತಿಕೋಟಾ ಹತ್ತಿರ. ಹುಡುಗನಾಗಿದ್ದಾಗ ಒಮ್ಮೆ ಆಷಾಢ ಏಕಾದಶಿಗೆ ದಿಂಡಿಯವರ ಜೊತೆ ಪಂಢರಪುರಕ್ಕೆ ನಡೆದುಕೊಂಡು ಹೋಗಿ, ಬರುವಾಗ ರೈಲಿನಲ್ಲಿ ಬಂದದ್ದನ್ನು ಅವನು ಎಷ್ಟು ಸಲ ಹೇಳಿದರೂ ಸಾಲುತ್ತಿರಲಿಲ್ಲ. ಆ ಒಂದು ಪ್ರಯಾಣದಲ್ಲಿ ಮೂರು ಅಳತೆಯ ಹಳಿಗಳಿದ್ದವು. ಪಂಢರಪುರದಿಂದ ಕುರ್ಡುವಾಡಿಗೆ ಬಾರ್ಸಿ ಲೈಟ್ ರೈಲ್ವೆಯ ನ್ಯಾರೋಗೇಜ್, ಹಳಿಗಳ ನಡುವೆ 762 ಮಿಲಿಮೀಟರು. ಅಲ್ಲಿಂದ ಸೊಲ್ಲಾಪುರ ದಾಟಿ ಹೋಟಗಿಗೆ 1676 ಮಿಲಿಮೀಟರಿನ ಬ್ರಾಡ್‌ಗೇಜ್. ಹೋಟಗಿಯಿಂದ ಬಿಜಾಪುರಕ್ಕೆ ಸರಿಯಾಗಿ ಒಂದು ಮೀಟರು. ಕೊನೆಗೆ ಊರಿಗೆ ಎತ್ತಿನ ಬಂಡಿ. "ಪಂಢರಪುರದ ಗಾಡಿ ಹೋರಿಕರ ಇದ್ದಂಗ, ಬಿಜಾಪುರದ್ದು ಎತ್ತು, ಸೊಲ್ಲಾಪುರದ್ದು ಆನಿ" ಎನ್ನುತ್ತಿದ್ದ. ಜನ ಗಂಟು ಹೊತ್ತುಕೊಂಡು ಗಾಡಿ ಬದಲಿಸುತ್ತಿದ್ದರು. ಸರಕನ್ನು ಹಮಾಲರು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹೇರುತ್ತಿದ್ದರು. ಬಿಜಾಪುರದ ಹತ್ತಿ ಮುಂಬಯಿ ಕಾಣಬೇಕಾದರೆ ಹೋಟಗಿಯಲ್ಲಿ ಹೀಗೊಮ್ಮೆ ಬೆನ್ನು ಬದಲಿಸಲೇಬೇಕಿತ್ತು.

ಮುತ್ಯಾ ಹೋರಿಕರ ಎಂದ ಆ ಪುಟ್ಟ ರೈಲು ಎಂಜಿನಿಯರುಗಳ ಲೋಕದಲ್ಲಿ ದೊಡ್ಡ ಹೆಸರು ಮಾಡಿತ್ತು. ಅದನ್ನು ಕಟ್ಟಿದವನು ಎವರಾರ್ಡ್ ಕ್ಯಾಲ್ತ್ರಾಪ್. ಮೊದಲು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಲ್ಲಿ ಎಂಜಿನ್ನುಗಳ ವಿಭಾಗದಲ್ಲಿದ್ದ ಮನುಷ್ಯ. ಹಳಿ ಹಗುರವಿದ್ದರೂ ಭಾರ ಎಳೆಯಬಹುದು, ಆದರೆ ಆ ಭಾರ ಎಲ್ಲ ಅಚ್ಚುಗಳ ಮೇಲೂ ಸಮನಾಗಿ ಹಂಚಿರಬೇಕು ಎಂಬುದು ಅವನ ಲೆಕ್ಕ. ಎಂಜಿನ್ನಾಗಲಿ ವ್ಯಾಗನ್ನಾಗಲಿ, ಒಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಬೀಳಬಾರದೆಂದು ಗೆರೆ ಎಳೆದ. ಅದಕ್ಕಾಗಿಯೇ ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್ ಕಂಪನಿ ಅವನಿಗೆ ಎಂಟು ಚಾಲಕ ಗಾಲಿ, ಹಿಂದೆ ನಾಲ್ಕು ಸಣ್ಣ ಗಾಲಿಯ ಎಂಜಿನ್ನುಗಳನ್ನು ಮಾಡಿಕೊಟ್ಟಿತು. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಸಿಗೆ ರೈಲು ಓಡಿತು. 1906ರಲ್ಲಿ ಪಂಢರಪುರ, 1911ರಲ್ಲಿ ಲಾತೂರು, 1927ರಲ್ಲಿ ಮೀರಜ್ ಮುಟ್ಟಿತು. 1954ರಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು.

ಇಷ್ಟು ಹಳಿಯ ಕತೆ. ಇನ್ನು ನೀರು.

ಉಗಿ ಎಂಜಿನ್ನು ಕಲ್ಲಿದ್ದಲು ತಿನ್ನುತ್ತದೆಂದು ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚು ಅದು ನೀರು ಕುಡಿಯುತ್ತದೆ. ಸ್ವಾತಂತ್ರ್ಯ ಬಂದ ಮೇಲೆ ದೇಶದ ಮೀಟರ್‌ಗೇಜ್ ಹಳಿಗಳ ಮೇಲೆ ಓಡಿದ ವೈಪಿ ಎಂಬ ಪ್ಯಾಸೆಂಜರ್ ಎಂಜಿನ್ನಿನ ಟೆಂಡರಿನಲ್ಲಿ 13 ಸಾವಿರ ಲೀಟರಿಗೂ ಹೆಚ್ಚು ನೀರು ಹಿಡಿಯುತ್ತಿತ್ತು. ಇಂದು ನಮ್ಮೂರಿಗೆ ಬರುವ ಎರಡು ಮೂರು ಟ್ಯಾಂಕರಿನಷ್ಟು. ಅಷ್ಟೂ ಉಗಿಯಾಗಿ ಚಿಮಣಿಯಿಂದ ಹಾರಿಹೋಗುತ್ತದೆ, ಮುಂದೆ ಮತ್ತೆ ತುಂಬಿಸಬೇಕು. ನಮ್ಮ ಸೀಮೆಯ ನೀರಾದರೋ ಎಂಥದು! ಜತ್ತಿನ ಕಡೆಯಿಂದ ತಿಕೋಟಾ, ಬಬಲೇಶ್ವರದ ಎರೆಹೊಲಗಳ ನಡುವೆ ಹರಿದು ಬರುವ ಡೋಣಿ ಹೊಳೆ ಜೋಳಕ್ಕೆ ಹೆಸರುವಾಸಿ. ಅದರ ನೀರು ಬಾಯಿಗೆ ಸವಳು. ಬಾವಿಯ ನೀರು ಗಡಸು.

ಎಂಜಿನ್ನಿನ ಬಾಯ್ಲರಿನಲ್ಲಿ ಇಂಥ ನೀರು ಎರಡು ಬಗೆಯ ಕೇಡು ಮಾಡುತ್ತದೆ. ಒಂದು, ನಮ್ಮ ಹಂಡೆಯಂತೆ ಸುಣ್ಣ ಕಟ್ಟುವುದು. ಬಾಯ್ಲರಿನ ಹಿಂಬದಿಯಲ್ಲಿ ಬೆಂಕಿ ಉರಿಯುವ ಪೆಟ್ಟಿಗೆಯಿದೆ, ಅದರ ಸುತ್ತ ನೀರು. ನೀರು ತಾಗಿಕೊಂಡಿರುವವರೆಗೆ ಲೋಹದ ಹಾಳೆ ಬೆಂಕಿಯನ್ನು ತಾಳುತ್ತದೆ. ನಡುವೆ ಸುಣ್ಣದ ಪದರು ಬಂದರೆ ಶಾಖ ನೀರಿಗೆ ದಾಟುವುದಿಲ್ಲ, ಹಾಳೆ ತಾನೇ ಕಾದು ಮೆತ್ತಗಾಗುತ್ತದೆ. ಎರಡನೆಯದು ನೀರಿನಲ್ಲಿ ಕರಗಿಯೇ ಉಳಿಯುವ ಉಪ್ಪು. ನೀರು ಆವಿಯಾದಂತೆಲ್ಲ ಉಪ್ಪು ಗಟ್ಟಿಯಾಗಿ, ಅನ್ನದ ಎಸರಿನಂತೆ ನೊರೆ ಉಕ್ಕುತ್ತದೆ. ಉಗಿಯ ಜೊತೆ ನೀರೂ ಸಿಲಿಂಡರಿಗೆ ನುಗ್ಗುತ್ತದೆ. ಉಗಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಆಗ ಸಿಲಿಂಡರಿನ ಮುಚ್ಚಳವೇ ಒಡೆಯಬಹುದು.

ಮೊದಲನೆಯದಕ್ಕೆ ಮದ್ದು, ಸುಣ್ಣದಿಂದಲೇ ಸುಣ್ಣ ತೆಗೆಯುವುದು. ನೀರಿಗೆ ಸುಟ್ಟ ಸುಣ್ಣ ಮತ್ತು ಸೋಡಾ ಬೂದಿಯನ್ನು ಅಳತೆಯಲ್ಲಿ ಬೆರೆಸಿದರೆ ಕರಗಿದ್ದ ಗಡಸು ಗಸಿಯಾಗಿ ತಳಕ್ಕಿಳಿಯುತ್ತದೆ. ಎರಡನೆಯದಕ್ಕೆ ಬಾಯ್ಲರಿನ ಉಪ್ಪುನೀರನ್ನು ಆಗಾಗ ಕೆಳಗಿನಿಂದ ಚಿಮ್ಮಿಸಿ ಹೊರಹಾಕಬೇಕು. ಕಾಯಿಸಿದ ನೀರನ್ನೇ ಚೆಲ್ಲಬೇಕು, ನೀರಿಲ್ಲದ ಊರಿನಲ್ಲಿ! ಇಷ್ಟಾದರೂ ಸಾಲದು. ಕೆಲವು ದಿನಗಳಿಗೊಮ್ಮೆ ಎಂಜಿನ್ನನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಬೆಂಕಿ ತೆಗೆದು, ನಿಧಾನವಾಗಿ ಆರಲು ಬಿಟ್ಟು, ಬಾಯ್ಲರಿನ ಮೂಲೆಮೂಲೆಯ ಬಿರಡೆಗಳನ್ನು ಬಿಚ್ಚಿ, ಜೋರಿನ ನೀರು ಹಾಯಿಸಿ, ಕಬ್ಬಿಣದ ಸಲಾಕೆ ಆಡಿಸಿ ಒಳಗಿನ ರಾಡಿ ತೆಗೆಯಬೇಕು. ಅವಸರದಲ್ಲಿ ಕಾದ ಬಾಯ್ಲರಿಗೆ ತಣ್ಣೀರು ಬಿಟ್ಟರೆ ಹಾಳೆ ಬಿರುಕು ಬಿಡುತ್ತದೆ.

ಬೆಂಕಿಪೆಟ್ಟಿಗೆಯ ಹಾಳೆಯನ್ನೂ ಹೊರಗಿನ ಹಾಳೆಯನ್ನೂ ನೂರಾರು ಮೊಳೆಗಂಬಿಗಳು ಹಿಡಿದು ನಿಲ್ಲಿಸಿರುತ್ತವೆ. ಅವುಗಳಲ್ಲಿ ಒಂದು ಮುರಿದರೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆಂದೇ ಕಂಬಿಯ ತುದಿಯಲ್ಲಿ ಸಣ್ಣ ತೂತು ಕೊರೆದಿರುತ್ತಾರೆ. ಕಂಬಿ ಮುರಿದರೆ ಆ ತೂತಿನಿಂದ ಉಗಿ ಸುಯ್ಯೆಂದು ಹೊರಬಿದ್ದು ಸುದ್ದಿ ಹೇಳುತ್ತದೆ. ಇನ್ನೊಂದು ಉಪಾಯ ಸುತ್ತಿಗೆ. ಗಟ್ಟಿಯಿದ್ದ ಕಂಬಿ ಬಡಿದರೆ ಗಣ್ಣೆನ್ನುತ್ತದೆ, ಮುರಿದದ್ದು ಬದ್ದೆನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಣ್ಣುಮಕ್ಕಳು ಬೆರಳಿನಿಂದ ಬಡಿದು ನೋಡುವುದೂ ಇದೇ ವಿದ್ಯೆ. ಬೆಂಕಿಪೆಟ್ಟಿಗೆಯ ನೆತ್ತಿಯಲ್ಲಿ ಸೀಸ ತುಂಬಿದ ಬಿರಡೆಯೊಂದಿರುತ್ತದೆ. ನೀರಿನ ಮಟ್ಟ ಇಳಿದು ನೆತ್ತಿ ಬರಿದಾದರೆ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ಸುರಿದು, ಎಂಜಿನ್ನಿನ ಮೇಲಿದ್ದವರನ್ನು ಎಚ್ಚರಿಸುತ್ತದೆ. ಸೀಸ ಕರಗಿಸಿದ ಫೈರ್‌ಮನ್ನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ, ಬದುಕಿದ್ದೇ ಅವನ ಭಾಗ್ಯ.

ಈ ಕೆಲಸವೆಲ್ಲ ನಡೆಯುತ್ತಿದ್ದದ್ದು ಪ್ರಯಾಣಿಕರು ಕಾಣದ ಹೊತ್ತಿನಲ್ಲಿ. ತಣ್ಣಗಿರುವ ಎಂಜಿನ್ನು ಉಗಿ ಕಟ್ಟಿಕೊಳ್ಳಲು ಹಲವು ತಾಸು ಬೇಕು. ಬೆಳಗಿನ ಗಾಡಿಗೆ ನಡುರಾತ್ರಿಯೇ ಬೆಂಕಿ ಹಚ್ಚಬೇಕು. ಹಚ್ಚುವ ಮೊದಲು ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡಬೇಕು, ಅಚ್ಚುಗಳಿಗೆ ಎಣ್ಣೆ ಬಿಡಬೇಕು. ಓಡಿ ಬಂದ ಮೇಲೆ ಬೂದಿ ಕೆದರಿ, ಗಟ್ಟಿಯಾದ ಕಿಟ್ಟ ಒಡೆದು, ಕೊಳವೆಗಳ ಮಸಿ ತೆಗೆಯಬೇಕು. ರೈಲಿನ ಇತಿಹಾಸದಲ್ಲಿ ಎಂಜಿನಿಯರುಗಳ, ಗವರ್ನರುಗಳ ಹೆಸರಿವೆ. ಹೊಗೆಪೆಟ್ಟಿಗೆಯೊಳಗೆ ತೂರಿ ಮಸಿ ಬಳಿದುಕೊಂಡ ಖಲಾಸಿಯ ಹೆಸರಿಲ್ಲ. ಅವನ ವಿದ್ಯೆ ಹೆಚ್ಚಾಗಿ ಕಿವಿಯಲ್ಲಿ, ಕೈಯಲ್ಲಿ ಇದ್ದದ್ದು. ನೀರು ಎಲ್ಲಿ ಹೇಗಿದೆ, ಯಾವ ಎಂಜಿನ್ನು ಎಷ್ಟು ದಿನಕ್ಕೆ ನೊರೆಯುತ್ತದೆ ಎನ್ನುವುದನ್ನು ಪುಸ್ತಕ ಹೇಳಿಕೊಡುವುದಿಲ್ಲ.

ನಮ್ಮ ಹಾದಿಯ ಮೀಟರ್‌ಗೇಜು ಈ ಶತಮಾನದ ಮೊದಲ ದಶಕದಲ್ಲಿ ಪೂರ್ತಿಯಾಗಿ ಬ್ರಾಡ್‌ಗೇಜಾಯಿತು. ಉಗಿ ಅದಕ್ಕೂ ಮೊದಲೇ ಆರಿತ್ತು. ಪಂಢರಪುರದ ಪುಟ್ಟ ಹಳಿಯೂ ಹೋಯಿತು. ಅದರ ಬಗ್ಗೆ ಅಳಬೇಕಿಲ್ಲ. ಹೋಟಗಿಯ ಹಮಾಲರ ಬೆನ್ನಿನ ಭಾರ ಇಳಿದದ್ದು ಒಳ್ಳೆಯದೇ. ವಿಜಯಪುರದಿಂದ ಈಗ ಗಾಡಿ ಬದಲಿಸದೆ ದೂರದೂರಿಗೆ ಹೋಗಬಹುದು. ನನ್ನನ್ನು ಕಾಡುವುದು ಬೇರೆ ಮಾತು. ಎಂಜಿನ್ನುಗಳನ್ನು ಮ್ಯೂಜಿಯಮ್ಮಿನಲ್ಲಿ ಇಟ್ಟಿದ್ದೇವೆ. ಮೈಸೂರಿನದು 1979ರಲ್ಲಿ, ಹುಬ್ಬಳ್ಳಿಯದು 2020ರಲ್ಲಿ ತೆರೆಯಿತು. ಮಕ್ಕಳು ಮುಟ್ಟಿ ನೋಡಬಹುದು, ಬಣ್ಣ ಹೊಸದಾಗಿದೆ. ಆದರೆ ಬೆಂಕಿಯಿಲ್ಲದ ಬಾಯ್ಲರಿಗೆ ಸುಣ್ಣ ಕಟ್ಟುವುದಿಲ್ಲ. ಆದ್ದರಿಂದ ಅದನ್ನು ತೊಳೆಯಲು ಬಲ್ಲವನೂ ಬೇಕಾಗುವುದಿಲ್ಲ.

ಉಗಿ ಇನ್ನೂ ಜೀವಂತವಿರುವ ಕಡೆ ಲೆಕ್ಕ ಬೇರೆ. 1881ರಲ್ಲಿ ಶುರುವಾಗಿ 1999ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಡಾರ್ಜಿಲಿಂಗಿನ ನ್ಯಾರೋಗೇಜಿನಲ್ಲಿ 1889ರಿಂದ ಬಂದ 'ಬಿ' ವರ್ಗದ ಸಣ್ಣ ಎಂಜಿನ್ನುಗಳಲ್ಲಿ ಕೆಲವು ಇಂದಿಗೂ ಓಡುತ್ತವೆ. ಅವುಗಳನ್ನು ಮೊದಲು ಮಾಡಿದ ಶಾರ್ಪ್ ಸ್ಟೀವರ್ಟ್ ಕಂಪನಿಯೇ ಈಗ ಇಲ್ಲ. ಸವೆದ ಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ತಿಂಧಾರಿಯಾದಂಥ ಕಾರ್ಖಾನೆಯ ಕೈಗಳೇ ಮಾಡಿಕೊಳ್ಳಬೇಕು. ನಮಗೆ ಹತ್ತಿರದ ನೀಲಗಿರಿಯ ಹಳಿ ಮೀಟರ್‌ಗೇಜು, ಬಿಜಾಪುರಕ್ಕಿದ್ದ ಅಳತೆಯೇ. ಅಲ್ಲಿ ಸ್ವಿಟ್ಜರ್‌ಲೆಂಡಿನ ಹಲ್ಲುಗಾಲಿ ಎಂಜಿನ್ನುಗಳು ಮುದಿಯಾದಾಗ ತಿರುಚಿನಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆ ಅದೇ ಮಾದರಿಯ ಹೊಸ ಉಗಿ ಎಂಜಿನ್ನುಗಳನ್ನು ಈ ಶತಮಾನದಲ್ಲಿ ಕಟ್ಟಿಕೊಟ್ಟಿತು. ದಿನವೂ ಓಡಿಸುವ ಹಟವಿದ್ದದ್ದರಿಂದ ವಿದ್ಯೆ ಉಳಿಯಿತು.

ಇದು ರೈಲಿಗಷ್ಟೇ ಸಂಬಂಧಿಸಿದ ಮಾತಲ್ಲ. ಆದಿಲ್‌ಶಾಹಿಗಳು ತೊರವಿಯಿಂದ ನೆಲದೊಳಗಿನ ಕಾಲುವೆಯಲ್ಲಿ ಬಿಜಾಪುರಕ್ಕೆ ನೀರು ತಂದಿದ್ದರು. ನಡುನಡುವೆ ಒತ್ತಡ ತಗ್ಗಿಸಲು ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದ್ದರು. 1651ರಲ್ಲಿ ಬೇಗಂ ತಲಾಬ ಕಟ್ಟಿದರು. ಗೋಪುರಗಳು ಇಂದೂ ಬೀದಿಯಲ್ಲಿ ನಿಂತಿವೆ, ಹೂಳು ತೆಗೆಯುವವರಿಲ್ಲದೆ ನೀರು ನಿಂತುಹೋಯಿತು. ಈಗ ತಿಕೋಟಾ, ಬಬಲೇಶ್ವರದ ಹೊಲಗಳಿಗೆ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರುತ್ತಿದೆ. ದ್ರಾಕ್ಷಿಯ ತೋಟ, ಒಣದ್ರಾಕ್ಷಿಯ ಶೆಡ್ಡು ಕಣ್ಣಿಗೆ ಹಬ್ಬ. ಆ ಪಂಪುಗಳ ಬೇರಿಂಗಿನ ಸದ್ದು ಕೇಳಿ ಕೆಟ್ಟದ್ದನ್ನು ಮೊದಲೇ ಹೇಳಬಲ್ಲ ಕಿವಿಗಳೂ ಎಲ್ಲೋ ಇರಬೇಕು. ಉದ್ಘಾಟನೆಯ ಕಲ್ಲಿನಲ್ಲಿ ಅವರ ಹೆಸರು ಇರುವುದಿಲ್ಲ.

ವಿಜಯಪುರ, ಗದಗ, ಹುಬ್ಬಳ್ಳಿಯಲ್ಲಿ ಉಗಿ ಎಂಜಿನ್ನಿನ ಮೇಲೆ ದುಡಿದವರಲ್ಲಿ ಬದುಕಿರುವವರು ಈಗ ಮುದುಕರು. ಇತಿಹಾಸ ಓದುವ ಹುಡುಗರು ಯಾರಾದರೂ ಫೋನು ಹಿಡಿದು ಅವರ ಮುಂದೆ ಕೂತು, ಯಾವ ಸ್ಟೇಶನ್ನಿನ ನೀರು ಹೇಗಿತ್ತೆಂದು ಕೇಳಿದರೆ ಸಾಕು. ಅದು ಈ ಜಿಲ್ಲೆಯ ನೀರಿನ ಇತಿಹಾಸವೂ ಆಗುತ್ತದೆ. ನನ್ನ ಮುತ್ಯಾನನ್ನು ನಾನು ಸರಿಯಾಗಿ ಕೇಳಲಿಲ್ಲ. ಅವನ ಹಂಡೆ ಈಗ ಅಟ್ಟದ ಮೇಲಿದೆ, ನಮ್ಮ ಮನೆಗೆ ಸೋಲಾರ್ ಬಂದಿದೆ. ಕಳೆದ ಬೇಸಿಗೆಯಲ್ಲಿ ನೀರು ಕಾಯುವುದಿಲ್ಲವೆಂದು ರಿಪೇರಿಯವನನ್ನು ಕರೆಸಿದೆವು. ಅವನು ಕೊಳವೆಯೊಂದನ್ನು ಹೊರಗೆಳೆದು ಅಲುಗಾಡಿಸಿದ. ಒಳಗಿನಿಂದ ಬಿಳಿಯ ಹಕ್ಕಳೆ ಉದುರಿತು.